ಭಾರತದ ಪ್ರೂಫ್ ನಾಣ್ಯಗಳು: ವಿನ್ಯಾಸಭೇದ ಮತ್ತು ಮೇಲ್ಮೈ ಸ್ಥಿತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೂಫ್ ನಾಣ್ಯ ಕೈಯಲ್ಲಿ ಹಿಡಿದವರು ಕೇಳುವ ಪ್ರಶ್ನೆಗಳು ಬಗೆಬಗೆಯವು. ಗೀರು ಯಾಕಿದೆ, ಚುಕ್ಕೆ ಯಾಕಿದೆ, ಇದರ ಕೆಳಗೆ ಅಕ್ಷರ ಇದೆ ಅದರ ಕೆಳಗೆ ಯಾಕಿಲ್ಲ, ಮಬ್ಬು ಹೋಗಿಸಬಹುದೇ. ಬಹುಪಾಲು ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾನು ಮೊದಲು ಕೇಳಿಕೊಳ್ಳುವುದು ಒಂದನ್ನೇ: ಈ ಗುರುತು ಅಚ್ಚಿನಲ್ಲೇ ಇತ್ತೇ, ಅಚ್ಚು ಒತ್ತುವಾಗ ಬಂತೇ, ಒತ್ತಿದ ಮೇಲೆ ಬಂತೇ? ಈ ಮೂರನ್ನು ಬೇರ್ಪಡಿಸಲು ಬಂದರೆ ವಿನ್ಯಾಸಭೇದವೂ ತಿಳಿಯುತ್ತದೆ, ಸ್ಥಿತಿಯೂ ತಿಳಿಯುತ್ತದೆ. ಕೆಳಗಿನ ಉತ್ತರಗಳನ್ನು ಆ ಕ್ರಮದಲ್ಲೇ ಬರೆದಿದ್ದೇನೆ.

ಪ್ರೂಫ್ ಅಂದರೆ ಬಹಳ ಚೆನ್ನಾಗಿರುವ ನಾಣ್ಯ ಅಂತಲೇ?

ಅಲ್ಲ. ಪ್ರೂಫ್ ಎನ್ನುವುದು ತಯಾರಿಸುವ ವಿಧಾನದ ಹೆಸರು, ಸ್ಥಿತಿಯ ಹೆಸರಲ್ಲ. ಬಿಲ್ಲೆಯನ್ನು, ಅಂದರೆ ಇನ್ನೂ ಮುದ್ರೆ ಬೀಳದ ಲೋಹದ ತುಂಡನ್ನು, ಮೊದಲೇ ಹೊಳಪು ಮಾಡಿ, ಹಾಗೆಯೇ ಹೊಳಪು ಮಾಡಿದ ಅಚ್ಚಿನ ಕೆಳಗಿಟ್ಟು, ಸಾಮಾನ್ಯಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಒತ್ತಿದ್ದನ್ನು ಚೀಲಕ್ಕೆ ಸುರಿಯದೆ ಒಂದೊಂದಾಗಿ ಎತ್ತಿಡುತ್ತಾರೆ. ಹಾಗಾಗಿ ಪ್ರೂಫ್ ನಾಣ್ಯವನ್ನು ಜೇಬಿನಲ್ಲಿಟ್ಟುಕೊಂಡು ಹತ್ತು ವರ್ಷ ತಿರುಗಿದರೂ ಅದು ಪ್ರೂಫ್ ಆಗಿಯೇ ಉಳಿಯುತ್ತದೆ, ಹಾಳಾದ ಪ್ರೂಫ್ ಅಷ್ಟೆ. ಇನ್ನೊಂದು ಕಡೆ, ಬಳಕೆಗೆಂದು ಒತ್ತಿದ ನಾಣ್ಯ ಎಷ್ಟೇ ಮಿಂಚಿದರೂ ಪ್ರೂಫ್ ಆಗುವುದಿಲ್ಲ.

ಮಾರಾಟಗಾರರು ಬಳಸುವ ಯುಎನ್‌ಸಿ ಎಂಬ ಮಾತು ಬೇರೆ. ಅದು ಬಳಕೆಯ ರೀತಿಯಲ್ಲಿ ಒತ್ತಿ, ಚಲಾವಣೆಗೆ ಹೋಗದೆ ಉಳಿದ ನಾಣ್ಯ. ನಮ್ಮ ಟಂಕಸಾಲೆಗಳು ಒಂದೇ ಸ್ಮಾರಕ ನಾಣ್ಯಕ್ಕೆ ಪ್ರೂಫ್ ಸೆಟ್, ಯುಎನ್‌ಸಿ ಸೆಟ್ ಎರಡನ್ನೂ ಮಾರುವುದರಿಂದ ಗೊಂದಲ ಹೆಚ್ಚು. ಪೆಟ್ಟಿಗೆಯ ಮೇಲಿನ ಬರಹ ನಂಬಿ ಕೊಳ್ಳಬೇಡಿ. ಪೆಟ್ಟಿಗೆ ಬದಲಾಯಿಸಲು ಒಂದು ನಿಮಿಷ ಸಾಕು.

ಪೆಟ್ಟಿಗೆ ಇಲ್ಲ, ನಾಣ್ಯ ಮಾತ್ರ ಇದೆ. ಪ್ರೂಫ್ ಹೌದೋ ಅಲ್ಲವೋ ಹೇಗೆ ನೋಡುವುದು?

ಮೊದಲು ಅಂಚು ನೋಡಿ, ಹೊಳಪನ್ನು ಆಮೇಲೆ ನೋಡಿದರಾಯಿತು. ಹೆಚ್ಚಿನ ಒತ್ತಡದಲ್ಲಿ ಲೋಹ ಅಚ್ಚಿನ ಮೂಲೆಮೂಲೆಗೂ ಹರಿದಿರುತ್ತದೆ. ಆದ್ದರಿಂದ ಪ್ರೂಫ್ ನಾಣ್ಯದ ದಡ ಚೌಕಾಕಾರವಾಗಿ, ಬೆರಳಿಗೆ ಚೂಪಾಗಿ ಸಿಗುತ್ತದೆ. ಅಕ್ಷರಗಳ ಗೋಡೆ ನೆಟ್ಟಗೆ ಎದ್ದು ನಿಂತಿರುತ್ತದೆ. ಬಳಕೆಯ ನಾಣ್ಯದಲ್ಲಿ ಅದೇ ಅಕ್ಷರ ಬುಡದಲ್ಲಿ ಸ್ವಲ್ಪ ಇಳಿಜಾರಾಗಿ ಕಾಣುತ್ತದೆ.

ಆಮೇಲೆ ಚಿತ್ರ, ಅಕ್ಷರಗಳಿಲ್ಲದ ಖಾಲಿ ಜಾಗ ನೋಡಿ. ಸಂಗ್ರಾಹಕರು ಅದನ್ನು ಫೀಲ್ಡ್ ಎನ್ನುತ್ತಾರೆ. ಅಚ್ಚಾದ ಕಾಗದವೊಂದನ್ನು ಅದರ ಮುಂದೆ ಹಿಡಿದರೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಕಾಣಬೇಕು. ಬಳಕೆಯ ಹೊಸ ನಾಣ್ಯದ ಹೊಳಪು ಬೇರೆ ಥರದ್ದು. ನಾಣ್ಯವನ್ನು ಓರೆ ಮಾಡಿ ತಿರುಗಿಸಿದರೆ ಬೆಳಕು ಚಕ್ರದ ಕಡ್ಡಿಗಳಂತೆ ಸುತ್ತುತ್ತದೆ, ಆದರೆ ಪ್ರತಿಬಿಂಬ ಸರಿಯಾಗಿ ನಿಲ್ಲುವುದಿಲ್ಲ.

ಮೋಸಕ್ಕೆಂದೇ ಯಂತ್ರದಲ್ಲಿ ಉಜ್ಜಿ ಹೊಳಪು ಮಾಡಿದ ಬಳಕೆಯ ನಾಣ್ಯಗಳೂ ಇವೆ. ಅವುಗಳ ಗುಟ್ಟು ಹೊರಬೀಳುವುದು ಅಕ್ಷರಗಳ ಸಂದಿಯಲ್ಲಿ. ಉಜ್ಜುವ ಬಟ್ಟೆ ‘ಎ’ ಅಥವಾ ‘ಆರ್’ ಎಂಬ ಇಂಗ್ಲಿಷ್ ಅಕ್ಷರದ ಹೊಟ್ಟೆಯೊಳಗೆ ಹೋಗಲಾರದು. ಸುತ್ತ ಕನ್ನಡಿ, ಸಂದಿಯಲ್ಲಿ ಮಂಕು ಎಂದಾದರೆ ಅದು ಪ್ರೂಫ್ ಅಲ್ಲ. ಅಚ್ಚಿನಿಂದಲೇ ಬಂದ ಕನ್ನಡಿ ಅಕ್ಷರದ ಬುಡದವರೆಗೂ, ಹೊಟ್ಟೆಯೊಳಗೂ ಒಂದೇ ಸಮನಾಗಿರುತ್ತದೆ.

ನೋಡಲು ಯಾವ ಸಾಮಾನು ಬೇಕು?

ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಲೂಪ್, ಒಂದೇ ಬಲ್ಬಿನ ಟೇಬಲ್ ದೀಪ, 0.01 ಗ್ರಾಂವರೆಗೆ ತೋರಿಸುವ ಚಿಕ್ಕ ತಕ್ಕಡಿ. ಟ್ಯೂಬ್‌ಲೈಟ್ ಕೆಳಗೆ ಪ್ರೂಫ್ ನೋಡಬೇಡಿ. ಹರಡಿದ ಬೆಳಕು ನವಿರು ಗೀರುಗಳನ್ನೆಲ್ಲ ಮುಚ್ಚಿಹಾಕುತ್ತದೆ. ಕೋಣೆ ಸ್ವಲ್ಪ ಕತ್ತಲಿರಲಿ, ದೀಪ ಒಂದೇ ಕಡೆಯಿಂದ ಬೀಳಲಿ, ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಕೆಳಗೆ ಮೆತ್ತನೆಯ ಬಟ್ಟೆ ಹಾಸಿಕೊಂಡಿರಿ. ಮಾತಾಡುತ್ತಾ ನೋಡಬೇಡಿ, ಎಂಜಲಿನ ಸಣ್ಣ ಹನಿ ಕನ್ನಡಿಯ ಮೇಲೆ ಬಿದ್ದು ಒಣಗಿದರೆ ಮುಂದೆ ಅದೇ ಕಂದು ಚುಕ್ಕೆಯಾಗುತ್ತದೆ.

ಇಸವಿಯ ಕೆಳಗಿನ ಗುರುತುಗಳನ್ನು ಓದುವುದು ಹೇಗೆ?

ಈಗಿನ ನಾಲ್ಕು ಟಂಕಸಾಲೆಗಳಲ್ಲಿ ಮುಂಬೈಯದು ವಜ್ರಾಕೃತಿ, ಹೈದರಾಬಾದಿನದು ನಕ್ಷತ್ರ, ನೋಯ್ಡಾದ್ದು ದುಂಡು ಚುಕ್ಕೆ. ಕೋಲ್ಕತ್ತಕ್ಕೆ ಗುರುತೇ ಇಲ್ಲ, ಗುರುತಿಲ್ಲದಿರುವುದೇ ಅದರ ಗುರುತು. ಹೈದರಾಬಾದಿನ ಹಳೆಯ ನಾಣ್ಯಗಳಲ್ಲಿ ಸೀಳಿದ ವಜ್ರ, ನಡುವೆ ಚುಕ್ಕೆಯಿರುವ ವಜ್ರಗಳೂ ಸಿಗುತ್ತವೆ. ನೋಯ್ಡಾ ಟಂಕಸಾಲೆ ಶುರುವಾದದ್ದು 1988ರಲ್ಲಿ. ಅದಕ್ಕಿಂತ ಹಿಂದಿನ ಇಸವಿಯ ಕೆಳಗೆ ದುಂಡು ಚುಕ್ಕೆ ಕಂಡರೆ ಅದು ನೋಯ್ಡಾ ಗುರುತಂತೂ ಅಲ್ಲ.

ಪ್ರೂಫ್ ಸಂಗ್ರಾಹಕರಿಗೆ ಮುಖ್ಯವಾದದ್ದು ಮುಂಬೈ ಪ್ರೂಫ್‌ಗಳ ಗುರುತು. 1969ರಿಂದ ಮುಂಬೈಯ ಪ್ರೂಫ್‌ಗಳಲ್ಲಿ ವಜ್ರದ ಬದಲು ಇಂಗ್ಲಿಷಿನ ‘ಬಿ’ ಅಕ್ಷರ ಬಂತು, ಬಾಂಬೆಯ ಮೊದಲಕ್ಷರ. ನಗರದ ಹೆಸರು ಬದಲಾದ ಮೇಲೆ 1996ರಿಂದ ‘ಎಂ’ ಬಂತು. ಅದೇ ವರ್ಷದ, ಅದೇ ಚಿತ್ರದ ಬಳಕೆಯ ನಾಣ್ಯದಲ್ಲಿ ವಜ್ರವೇ ಇರುತ್ತದೆ. ಹಾಗಾಗಿ ಈ ಅವಧಿಯ ಮುಂಬೈ ನಾಣ್ಯಕ್ಕೆ ಪ್ರೂಫ್ ಎಂದು ಬೆಲೆ ಹೇಳುತ್ತಿದ್ದರೆ ಮೊದಲು ಲೂಪ್ ಹೋಗಬೇಕಾದದ್ದು ಆ ಅಕ್ಷರದ ಕಡೆಗೆ. 1969ಕ್ಕಿಂತ ಹಿಂದಿನವುಗಳಿಗೆ ಈ ಸಹಾಯ ಇಲ್ಲ, ಅಂಚು ಮತ್ತು ಕನ್ನಡಿಯೇ ಸಾಕ್ಷಿ.

ನನ್ನ ಬಳಿ 1948ರ ಗಾಂಧೀಜಿಯ 10 ರೂಪಾಯಿ ಬೆಳ್ಳಿ ನಾಣ್ಯ ಇದೆ. ತುಂಬ ಹಳೆಯದಲ್ಲವೇ?

ನಿಮ್ಮ ಹಾಗೆಯೇ ಅನೇಕರು ಅಂದುಕೊಂಡಿರುತ್ತಾರೆ. ಅದರ ಮೇಲಿರುವ 1869–1948 ಗಾಂಧೀಜಿಯ ಜೀವಿತಾವಧಿ. ನಾಣ್ಯ ಬಂದದ್ದು 1969ರಲ್ಲಿ, ಅವರ ಜನ್ಮಶತಮಾನೋತ್ಸವಕ್ಕೆ. ಒತ್ತಿದ ಇಸವಿಯನ್ನು ಪ್ರತ್ಯೇಕವಾಗಿ ಹಾಕಿಲ್ಲ. ಜೊತೆಗೆ 20 ಪೈಸೆ, 50 ಪೈಸೆ, 1 ರೂಪಾಯಿಯೂ ಬಂದವು. 10 ರೂಪಾಯಿಯ ತೂಕ 15 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 80.

ಇದನ್ನೇ ಮಾದರಿಯಾಗಿಟ್ಟುಕೊಂಡು ಕಲಿಯಿರಿ ಎಂದು ಹೊಸಬರಿಗೆ ನಾನು ಹೇಳುವುದುಂಟು. ಗುರುತಿಲ್ಲದ್ದು ಕೋಲ್ಕತ್ತ, ವಜ್ರ ಇದ್ದದ್ದು ಮುಂಬೈಯ ಬಳಕೆಯ ನಾಣ್ಯ, ‘ಬಿ’ ಇದ್ದದ್ದು ಪ್ರೂಫ್. ಮೂರನ್ನೂ ಪಕ್ಕಪಕ್ಕ ಇಟ್ಟು ಗಾಂಧೀಜಿಯ ಕಿವಿ, ಮೀಸೆಯ ಎಳೆ, ಸಿಂಹಸ್ತಂಭದ ಕೇಸರಗಳನ್ನು ನೋಡಿ. ಒತ್ತಡದ ವ್ಯತ್ಯಾಸ ಎಂದರೇನು ಎಂಬುದನ್ನು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಆ ಮೂರು ನಾಣ್ಯಗಳು ತೋರಿಸಿಕೊಡುತ್ತವೆ. ಬೆಳ್ಳಿಯ ಬಳಕೆಯ ನಾಣ್ಯವೂ ಹೊಸ ಅಚ್ಚಿನಿಂದ ಬಂದಿದ್ದರೆ ಕನ್ನಡಿಯಂತೆ ಹೊಳೆಯುತ್ತದೆ. ಅಂಥದ್ದನ್ನು ‘ಪ್ರೂಫ್‌ಲೈಕ್’ ಎನ್ನುತ್ತಾರೆ. ಅದು ಚೆಂದದ ನಾಣ್ಯವೇ, ಆದರೆ ಪ್ರೂಫ್ ಬೆಲೆ ಕೊಡಬೇಕಾದದ್ದಲ್ಲ.

ವಿನ್ಯಾಸಭೇದ ಎಂದು ಯಾವುದನ್ನು ಕರೆಯಬೇಕು? ಪ್ರತಿ ಸಣ್ಣ ವ್ಯತ್ಯಾಸವೂ ಬೇರೆ ಜಾತಿಯೇ?

ಬೇರೆ ಅಚ್ಚನ್ನು ಬೇಕೆಂದೇ ಕೆತ್ತಿಸಿ ಒತ್ತಿದ್ದು ವಿನ್ಯಾಸಭೇದ. ಅಚ್ಚು ಬಿರುಕು ಬಿಟ್ಟದ್ದರಿಂದ, ಸವೆದದ್ದರಿಂದ, ಎಣ್ಣೆ ಜಿಡ್ಡು ತುಂಬಿಕೊಂಡದ್ದರಿಂದ ಬಂದ ವ್ಯತ್ಯಾಸ ಅಚ್ಚಿನ ಸ್ಥಿತಿ ಮಾತ್ರ. ಎರಡಕ್ಕೂ ಸಂಗ್ರಾಹಕರಿದ್ದಾರೆ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸ್ಪಷ್ಟ ಉದಾಹರಣೆ 1964ರ ನೆಹರೂ 50 ಪೈಸೆ. ಒಂದರಲ್ಲಿ ಹೆಸರು ಇಂಗ್ಲಿಷಿನಲ್ಲಿ, ಇನ್ನೊಂದರಲ್ಲಿ ಹಿಂದಿಯಲ್ಲಿ. ಲೂಪ್ ಕೂಡ ಬೇಡ. ಸ್ವತಂತ್ರ ಭಾರತದ ಪ್ರೂಫ್ ಸಂಗ್ರಹ 1950ರಿಂದ ಶುರುವಾಗುತ್ತದೆ. ಆ ವರ್ಷದ ಸೆಟ್‌ನಲ್ಲಿ ಏಳು ನಾಣ್ಯ: ಪೈಸ್ (ಆಣೆಯ ಕಾಲು ಭಾಗ), ಅರ್ಧ ಆಣೆ, ಒಂದು ಆಣೆ, ಎರಡು ಆಣೆ, ಕಾಲು, ಅರ್ಧ, ಒಂದು ರೂಪಾಯಿ. ಪೈಸ್ ಮೇಲೆ ಕುದುರೆ, ಆಣೆಗಳ ಮೇಲೆ ಗೂಳಿ, ರೂಪಾಯಿಗಳ ಮೇಲೆ ಗೋಧಿ ತೆನೆ. ಇದರಲ್ಲಿ ಪೈಸ್‌ಗೆ ದಪ್ಪ ಬಿಲ್ಲೆ, ತೆಳು ಬಿಲ್ಲೆ ಎಂಬ ಭೇದವಿದೆ. ಅದು ಕಣ್ಣಿಗಿಂತ ತಕ್ಕಡಿಗೆ ಬೇಗ ಗೊತ್ತಾಗುತ್ತದೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು ನಯಾ ಪೈಸೆ ಶುರುವಾಯಿತು, ಆಣೆಗಳ ಕಥೆ ಅಲ್ಲಿಗೆ ಮುಗಿಯಿತು.

‘ಹಂದಿ ರೂಪಾಯಿ’ ಅಂದರೇನು? ಅದರಲ್ಲೂ ಪ್ರೂಫ್ ಇದೆಯೇ?

1911ರ ಐದನೇ ಜಾರ್ಜ್ ರೂಪಾಯಿ. ರಾಜನ ಮೇಲಂಗಿಯ ಮೇಲಿರುವ ಸರದಲ್ಲಿ ಒಂದು ಆನೆ ಇದೆ. ಕೆತ್ತನೆಯಲ್ಲಿ ಸೊಂಡಿಲು ಚಿಕ್ಕದಾಗಿ, ಕಾಲು ಗಿಡ್ಡವಾಗಿ ಬಂದದ್ದರಿಂದ ಜನರಿಗೆ ಅದು ಹಂದಿಯಂತೆ ಕಂಡಿತು. ಮುಸ್ಲಿಮರ ಆಕ್ಷೇಪ ಬಂದ ಮೇಲೆ ನಾಣ್ಯವನ್ನು ಹಿಂದೆ ಪಡೆದು, ಬಹುಪಾಲನ್ನು ಕರಗಿಸಿ, 1912ರಿಂದ ಆನೆಯನ್ನು ಸರಿಯಾಗಿ ಕೆತ್ತಿದ ಹೊಸ ಅಚ್ಚು ತಂದರು. ಒಂದು ಸಣ್ಣ ಪ್ರಾಣಿಯ ಸೊಂಡಿಲಿನ ಅಳತೆಗಾಗಿ ಇಡೀ ಸಾಮ್ರಾಜ್ಯದ ನಾಣ್ಯದ ಅಚ್ಚು ಬದಲಾಯಿತು. ವಿನ್ಯಾಸಭೇದ ಯಾಕೆ ಮುಖ್ಯ ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉದಾಹರಣೆ ಇದೇ.

ಇದರಲ್ಲಿ ಪ್ರೂಫ್ ಇದೆ. ಚಲಾವಣೆಯಲ್ಲಿದ್ದ ನಾಣ್ಯದಲ್ಲಿ ಆನೆಯಿರುವ ಜಾಗ ಬೇಗ ಸವೆಯುವುದರಿಂದ ಹೋಲಿಕೆ ಕಷ್ಟ. ಪ್ರೂಫ್‌ನಲ್ಲಿ ಕೆತ್ತಿದವನ ಉಳಿಯ ಕೆಲಸ ಪೂರ್ತಿ ಕಾಣುತ್ತದೆ. ಆದರೆ ಇಲ್ಲೇ ಮುಂದಿನ ಪ್ರಶ್ನೆ ಎದುರಾಗುತ್ತದೆ.

ಬ್ರಿಟಿಷ್ ಕಾಲದ ಪ್ರೂಫ್ ಎಂದು ಕೊಟ್ಟರು. ಆಮೇಲೆ ಒಬ್ಬರು ನೋಡಿ ‘ರೀಸ್ಟ್ರೈಕ್’ ಎಂದರು. ನಕಲಿಯೇ?

ನಕಲಿ ಅಲ್ಲ, ಮೂಲವೂ ಅಲ್ಲ. ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ.

ಬಾಂಬೆ ಮತ್ತು ಕಲ್ಕತ್ತಾ ಟಂಕಸಾಲೆಗಳು ಹಳೆಯ ಅಚ್ಚುಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದವು. ಸಂಗ್ರಾಹಕರು ಕೇಳಿದಾಗ ಆ ಅಚ್ಚುಗಳಿಂದ ಮತ್ತೆ ಪ್ರೂಫ್ ಒತ್ತಿಕೊಡುವ ಪದ್ಧತಿ ದಶಕಗಳ ಕಾಲ ನಡೆಯಿತು, ಸ್ವಾತಂತ್ರ್ಯದ ನಂತರವೂ ನಿಲ್ಲಲಿಲ್ಲ. 1970ರ ಸುಮಾರಿಗೆ ಕೊನೆಗೊಂಡಿತು. ಹೀಗಾಗಿ ನಾಣ್ಯದ ಮೇಲೆ ವಿಕ್ಟೋರಿಯಾ ರಾಣಿ ಇದ್ದರೂ ಅದನ್ನು ಒತ್ತಿದ್ದು ಅವಳು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ಇರಬಹುದು. ಟಂಕಸಾಲೆ ಅದೇ, ಅಚ್ಚೂ ಅನೇಕ ಸಲ ಅದೇ, ಬೆಳ್ಳಿಯೂ ಬೆಳ್ಳಿಯೇ. ಕಾಲ ಮಾತ್ರ ಬೇರೆ. ಪ್ರಾಮಾಣಿಕ ಹರಾಜು ಪಟ್ಟಿಗಳಲ್ಲಿ ಮೂಲ ಪ್ರೂಫ್, ಹಳೆಯ ರೀಸ್ಟ್ರೈಕ್, ತಡವಾದ ರೀಸ್ಟ್ರೈಕ್ ಎಂದು ಬೇರೆಬೇರೆಯಾಗಿ ಬರೆಯುತ್ತಾರೆ.

ತಕ್ಕಡಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ರೂಪಾಯಿಯ ತೂಕ 180 ಗ್ರೇನ್, ಅಂದರೆ ಒಂದು ತೊಲ, 11.66 ಗ್ರಾಂ. ರೀಸ್ಟ್ರೈಕ್ ಕೂಡ ಅಷ್ಟೇ ತೂಗಬಹುದು. ನೋಡಬೇಕಾದದ್ದು ಅಚ್ಚಿನ ವಯಸ್ಸನ್ನು. ಉಕ್ಕಿನ ಅಚ್ಚು ವರ್ಷಗಟ್ಟಲೆ ಗೂಡಿನಲ್ಲಿ ಕೂತರೆ ತುಕ್ಕು ಹಿಡಿಯುತ್ತದೆ. ತುಕ್ಕು ಅಚ್ಚಿನಲ್ಲಿ ಗುಂಡಿ ಮಾಡುತ್ತದೆ, ಆ ಗುಂಡಿ ನಾಣ್ಯದ ಮೇಲೆ ಗುಳ್ಳೆಯಾಗಿ ಏಳುತ್ತದೆ. ರಾಣಿಯ ಕೆನ್ನೆ, ಕತ್ತು, ಅಕ್ಷರಗಳ ಸುತ್ತ ಮರಳು ಚೆಲ್ಲಿದಂತೆ ಸಣ್ಣ ಉಬ್ಬುಗಳಿದ್ದರೆ ಅನುಮಾನ ಬರಬೇಕು. ತುಕ್ಕು ತೆಗೆಯಲು ಅಚ್ಚನ್ನು ಮತ್ತೆ ಉಜ್ಜಿ ಹೊಳಪು ಮಾಡಿರುತ್ತಾರೆ. ಉಜ್ಜುವಾಗ ಅಚ್ಚಿನ ಆಳವಿಲ್ಲದ ಗೆರೆಗಳು ಅಳಿಸಿ ಹೋಗುತ್ತವೆ. ಹೂಬಳ್ಳಿಯ ತೆಳುವಾದ ತೊಟ್ಟು ಅಲ್ಲಲ್ಲಿ ಕಡಿದುಹೋಗಿ, ಕನ್ನಡಿ ಮಾತ್ರ ಅತಿಯಾಗಿ ಮಿಂಚುತ್ತಿದ್ದರೆ ಅದು ಎರಡನೆಯ ಸುಳಿವು.

ಮೂರನೆಯದು ಜೋಡಿ ತಪ್ಪುವುದು. 1862ರ ವಿಕ್ಟೋರಿಯಾ ರೂಪಾಯಿ ತೆಗೆದುಕೊಳ್ಳಿ. ಆ ಇಸವಿಯನ್ನು ಬದಲಾಯಿಸದೆ 1870ರ ದಶಕದವರೆಗೂ ಒತ್ತುತ್ತಿದ್ದರು, ಬಾಂಬೆಯವರು ಚುಕ್ಕೆಗಳನ್ನು ಸೇರಿಸುತ್ತಾ ಹೋದರು. ರಾಣಿಯ ಉಡುಪಿನ ಮುಂಭಾಗದ ಪಟ್ಟಿಗಳಲ್ಲಿ, ಹಿಂಬದಿಯ ಹೂವಿನ ದಳಗಳಲ್ಲಿ ಬೇರೆಬೇರೆ ಮಾದರಿಗಳಿವೆ. ಒಂದು ಕಾಲದ ಮುಖಕ್ಕೆ ಇನ್ನೊಂದು ಕಾಲದ ಬೆನ್ನು ಸೇರಿದ್ದರೆ, ಕಪಾಟಿನಲ್ಲಿ ಸಿಕ್ಕ ಎರಡು ಅಚ್ಚುಗಳನ್ನು ಆಮೇಲೆ ಯಾರೋ ಜೋಡಿಸಿದ್ದಾರೆ ಎಂದರ್ಥ. 1877ರಿಂದ ‘ಕ್ವೀನ್’ ಹೋಗಿ ‘ಎಂಪ್ರೆಸ್’ ಬಂತು ಎಂಬುದನ್ನೂ ನೆನಪಿಡಿ. ಬಿರುದಿಗೂ ಇಸವಿಗೂ ತಾಳೆಯಾಗಬೇಕು.

ರೀಸ್ಟ್ರೈಕ್ ಕೊಳ್ಳಬಾರದು ಎಂದು ನಾನು ಹೇಳುವುದಿಲ್ಲ. 1939ರ ರೂಪಾಯಿಯಂಥ ಅತಿ ವಿರಳ ನಾಣ್ಯದ ವಿನ್ಯಾಸವನ್ನು ಪ್ರೂಫ್ ರೂಪದಲ್ಲಿ ನೋಡಲು ನಮ್ಮಂಥವರಿಗೆ ಬೇರೆ ದಾರಿ ಕಡಿಮೆ. ರೀಸ್ಟ್ರೈಕ್ ಎಂದು ಗೊತ್ತಿದ್ದು, ರೀಸ್ಟ್ರೈಕ್‌ನ ಬೆಲೆ ಕೊಟ್ಟು ಕೊಳ್ಳಿ.

ಕನ್ನಡಿಯ ಮೇಲೆ ನವಿರಾದ ಗೆರೆಗಳಿವೆ. ಗೀರೇ, ಅಚ್ಚಿನ ಗೆರೆಯೇ?

ಪ್ರೂಫ್ ನೋಡುವ ವಿದ್ಯೆಯ ಅರ್ಧಭಾಗ ಈ ಒಂದು ಪ್ರಶ್ನೆಯಲ್ಲಿದೆ. ಅಚ್ಚನ್ನು ಹೊಳಪು ಮಾಡುವಾಗ ಅಚ್ಚಿನ ಮೇಲೆ ತಗ್ಗಾದ ಗೆರೆ ಬೀಳುತ್ತದೆ, ನಾಣ್ಯದಲ್ಲಿ ಅದು ಉಬ್ಬಿದ ಗೆರೆ. ಬಟ್ಟೆಯಿಂದಲೋ ಬೆರಳಿನಿಂದಲೋ ನಾಣ್ಯವನ್ನು ಒರೆಸಿದಾಗ ಬೀಳುವುದು ತಗ್ಗಾದ ಗೆರೆ. ಇದನ್ನು ಹೇರ್‌ಲೈನ್ ಎನ್ನುತ್ತಾರೆ, ಕೂದಲೆಳೆಯಷ್ಟು ನವಿರು. ಮೊದಲನೆಯದು ಹುಟ್ಟಿನಿಂದ ಬಂದದ್ದು, ಎರಡನೆಯದು ಪೆಟ್ಟು.

ಉಬ್ಬೋ ತಗ್ಗೋ ಎಂದು ಲೂಪ್‌ನಲ್ಲೂ ಕೆಲವೊಮ್ಮೆ ತಿಳಿಯುವುದಿಲ್ಲ. ಆಗ ಗೆರೆ ಎಲ್ಲಿ ನಿಲ್ಲುತ್ತದೆ ನೋಡಿ. ನಾಣ್ಯದ ಖಾಲಿ ಜಾಗ ಅಚ್ಚಿನಲ್ಲಿ ಎತ್ತರದ ಭಾಗ, ಅಕ್ಷರ ಮತ್ತು ಚಿತ್ರ ಅಚ್ಚಿನಲ್ಲಿ ಗುಂಡಿಗಳು. ಹೊಳಪು ಮಾಡುವ ಸಾಮಾನು ಎತ್ತರದ ಭಾಗವನ್ನು ಮಾತ್ರ ಮುಟ್ಟುತ್ತದೆ. ಆದ್ದರಿಂದ ಅಚ್ಚಿನ ಗೆರೆ ಅಕ್ಷರದ ಬುಡಕ್ಕೆ ಬಂದು ನಿಂತು, ಆ ಕಡೆ ಮತ್ತೆ ಅದೇ ದಿಕ್ಕಿನಲ್ಲಿ ಮುಂದುವರಿಯುತ್ತದೆ. ಅಕ್ಷರದ ತಲೆಯ ಮೇಲೆ ಇರುವುದಿಲ್ಲ. ಒರೆಸಿದ ಗೀರು ಹಾಗಲ್ಲ. ಅದು ಅಕ್ಷರದ ತಲೆ, ಗಾಂಧೀಜಿಯ ಕೆನ್ನೆ, ಸಿಂಹದ ಎದೆ ಎಲ್ಲದರ ಮೇಲೂ ಹಾದುಹೋಗುತ್ತದೆ. ಒಂದೇ ದಿಕ್ಕಿನ ಹತ್ತಾರು ಗೀರುಗಳು ಮುಖದ ಮೇಲೂ ಇದ್ದರೆ ಯಾರೋ ಒರೆಸಿದ್ದಾರೆ.

ಇನ್ನೊಂದಿದೆ. ಹುಳದಂತೆ ಸೊಟ್ಟಗೆ ಬಾಗಿದ ಒಂದೇ ಒಂದು ಸಣ್ಣ ತಗ್ಗು. ಅಚ್ಚು ಒರೆಸಿದ ಬಟ್ಟೆಯ ನೂಲೆಳೆ ಅಚ್ಚಿಗೂ ಬಿಲ್ಲೆಗೂ ನಡುವೆ ಸಿಕ್ಕಿಕೊಂಡು ಅದರ ಮೇಲೇ ಮುದ್ರೆ ಬಿದ್ದದ್ದು. ತಗ್ಗಾಗಿದ್ದರೂ ಅದು ಒತ್ತುವಾಗಲೇ ಆದದ್ದು. ಅದರ ತಳ ಮೃದುವಾಗಿರುತ್ತದೆ, ಗೀರಿದಾಗ ಪಕ್ಕಕ್ಕೆ ಏಳುವ ಲೋಹದ ದಡ ಇರುವುದಿಲ್ಲ. ಇದಕ್ಕಾಗಿ ಬೆಲೆ ತೀರಾ ಇಳಿಸುವವರನ್ನು ನಾನು ಒಪ್ಪುವುದಿಲ್ಲ.

ಚಿತ್ರದ ಮೇಲೆ ಬಿಳಿ ಮಂಜು ಇರಬೇಕಂತೆ. ನನ್ನದರಲ್ಲಿ ಇಲ್ಲ. ಸವೆದಿದೆಯೇ?

ಇರಲೇಬೇಕೆಂದಿಲ್ಲ. ಅಚ್ಚಿನ ಚಿತ್ರಭಾಗವನ್ನು ಒರಟು ಮಾಡಿ, ಖಾಲಿ ಜಾಗವನ್ನು ಮಾತ್ರ ಹೊಳಪು ಮಾಡಿದಾಗ ಕಪ್ಪು ಕನ್ನಡಿಯ ಮೇಲೆ ಬಿಳಿ ಚಿತ್ರ ಎದ್ದು ಕಾಣುತ್ತದೆ. ಅದಕ್ಕೆ ಕ್ಯಾಮಿಯೋ ಎನ್ನುತ್ತಾರೆ. ಅದೇ ಅಚ್ಚಿನಿಂದ ಒತ್ತುತ್ತಾ ಹೋದಂತೆ ಒರಟುತನ ಸವೆದು ಮಂಜು ತೆಳುವಾಗುತ್ತದೆ. ಮೊದಲು ಬಂದ ನಾಣ್ಯಕ್ಕೆ ದಟ್ಟ ಮಂಜು, ಕೊನೆಗೆ ಬಂದದ್ದಕ್ಕೆ ಬರೀ ಹೊಳಪು. ಎರಡೂ ಮುಟ್ಟದ ನಾಣ್ಯಗಳೇ ಆಗಿರಬಹುದು. ಹಳೆಯ ಕಾಲದ ಹಲವು ಪ್ರೂಫ್‌ಗಳಲ್ಲಿ ಚಿತ್ರವೂ ಹಿನ್ನೆಲೆಯೂ ಒಂದೇ ರೀತಿ ಹೊಳೆಯುತ್ತವೆ.

ಮಂಜು ಉಜ್ಜಿ ಹೋಗಿದೆಯೋ ಮೊದಲೇ ಇರಲಿಲ್ಲವೋ ಎಂದು ತಿಳಿಯಲು ಎತ್ತರದ ಜಾಗ ನೋಡಿ. ಮೂಗು, ಕೆನ್ನೆಮೂಳೆ, ಮಧ್ಯದ ಸಿಂಹದ ಎದೆ ಮಾತ್ರ ಹೊಳೆಯುತ್ತಾ, ತಗ್ಗಿನಲ್ಲಿ ಮಂಜು ಉಳಿದಿದ್ದರೆ ಅದು ಕೈ ತಾಗಿ ಹೋದದ್ದು. ಎಲ್ಲ ಕಡೆ ಸಮನಾಗಿ ತೆಳುವಾಗಿದ್ದರೆ ಅಚ್ಚಿನಿಂದಲೇ ಹಾಗೆ.

ಬೆಳ್ಳಿ ಪ್ರೂಫ್ ಕಪ್ಪಾಗಿದೆ. ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬಹುದೇ?

ದಯವಿಟ್ಟು ಬೇಡ. ನಮ್ಮ ಮನೆಯಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿ ನಾಣ್ಯಗಳನ್ನೆಲ್ಲ ತೊಳೆದಿಡುವ ರೂಢಿ. ನಾನಿನ್ನೂ ಇದೆಲ್ಲ ಕಲಿಯದ ದಿನಗಳಲ್ಲಿ, ಅಪ್ಪ ಜೋಪಾನ ಮಾಡಿದ್ದ ‘ಬಿ’ ಗುರುತಿನ ಗಾಂಧಿ ನಾಣ್ಯವೂ ದೀಪದ ಕಂಬಗಳ ಜೊತೆ ಹಿತ್ತಲಿಗೆ ಹೋಗಿ, ವಿಭೂತಿಯಲ್ಲಿ ಚೆನ್ನಾಗಿ ತಿಕ್ಕಿಸಿಕೊಂಡು ಬಂತು. ಅಮ್ಮ ಪ್ರೀತಿಯಿಂದಲೇ ಮಾಡಿದ್ದರು, ದೇವರ ಮುಂದೆ ಅದು ಬೆಳಗಿತು ಕೂಡ. ಆದರೆ ದೀಪದ ಕೆಳಗೆ ಹಿಡಿದರೆ ಇಂದಿಗೂ ಅದರ ಮೇಲೆ ಸುತ್ತುಸುತ್ತಾಗಿ ಸಾವಿರ ಗೀರು ಕಾಣುತ್ತವೆ. ಅದನ್ನು ಇಟ್ಟುಕೊಂಡಿದ್ದೇನೆ. ಕಲಿಯಲು ಬರುವ ಹುಡುಗರಿಗೆ ಹೇರ್‌ಲೈನ್ ತೋರಿಸಲು ಮೊದಲು ತೆಗೆಯುವುದು ಅದನ್ನೇ. ಪೂಜೆಗೆ ಬೇರೆ ಬೆಳ್ಳಿ ಇಡಿ. ಕುಂಕುಮ, ಅರಿಶಿನ, ಎಣ್ಣೆ ಪ್ರೂಫ್‌ಗೆ ತಾಗದಿರಲಿ.

ಕಪ್ಪು ಎಂಬುದು ಗಾಳಿಯಲ್ಲಿರುವ ಗಂಧಕ ಬೆಳ್ಳಿಯ ಜೊತೆ ಸೇರಿ ಆಗುವ ಪದರ. ತೆಳುವಾಗಿದ್ದಾಗ ತಿಳಿ ಹಳದಿ, ಆಮೇಲೆ ನೇರಳೆಗೆಂಪು, ನೀಲಿ, ಕೊನೆಗೆ ಕಪ್ಪು. ನಿಧಾನವಾಗಿ, ದಡದಿಂದ ಒಳಗೆ ಬಣ್ಣದಿಂದ ಬಣ್ಣಕ್ಕೆ ಜಾರುತ್ತಾ ಬಂದ ಟೋನಿಂಗ್‌ಗೆ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ. ಕೃತಕವಾಗಿ ಬಣ್ಣ ಬರಿಸಿದ್ದರಲ್ಲಿ ಈ ಕ್ರಮ ಇರುವುದಿಲ್ಲ. ತೇಪೆ ಹಾಕಿದಂತೆ ಬಣ್ಣ ತಟ್ಟನೆ ಬದಲಾಗುತ್ತದೆ.

ಬೆಳ್ಳಿ ಅದ್ದುವ ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ. ಅದು ಕಪ್ಪಿನ ಜೊತೆ ಬೆಳ್ಳಿಯ ತೆಳು ಪದರವನ್ನೂ ತಿನ್ನುತ್ತದೆ. ಒಂದೆರಡು ಸಲದಲ್ಲೇ ಕನ್ನಡಿ ಮಂಕಾಗಿ, ಮಂಜು ಬೂದಿಬಣ್ಣಕ್ಕೆ ತಿರುಗುತ್ತದೆ. ಕಪ್ಪಾದ ಪ್ರೂಫ್‌ಗೆ ಮುಂದೆ ಗಿರಾಕಿ ಸಿಕ್ಕಾನು. ತಿಂದುಹೋದ ಕನ್ನಡಿಯನ್ನು ಮತ್ತೆ ತರುವ ದಾರಿ ಇಲ್ಲ.

ಹಸಿರು ಅಂಟು ಕಾಣುತ್ತಿದೆ. ಇದನ್ನೂ ಮುಟ್ಟಬಾರದೇ?

ಇದನ್ನು ಬಿಡಬಾರದು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಆಲ್ಬಮ್ ಕಾಲಕ್ರಮೇಣ ಬಿಡುವ ಜಿಡ್ಡು ಇದು. ಹಾಗೇ ಬಿಟ್ಟರೆ ಲೋಹವನ್ನು ಕೊರೆಯುತ್ತದೆ. ಶುದ್ಧ ಅಸಿಟೋನ್ ಅನ್ನು ಗಾಜಿನ ಬಟ್ಟಲಿಗೆ ಹಾಕಿ, ನಾಣ್ಯ ಮುಳುಗಿಸಿ, ಹತ್ತು ನಿಮಿಷ ಬಿಟ್ಟು ಎತ್ತಿ, ಹೊಸ ಅಸಿಟೋನ್‌ನಲ್ಲಿ ಮತ್ತೊಮ್ಮೆ ಅದ್ದಿ, ಹಾಗೇ ಆರಲು ಬಿಡಿ. ಉಜ್ಜಬೇಡಿ, ಒರೆಸಬೇಡಿ. ಅಸಿಟೋನ್ ಜಿಡ್ಡನ್ನು ಕರಗಿಸುತ್ತದೆ, ಬೆಳ್ಳಿಯನ್ನು ತಿನ್ನುವುದಿಲ್ಲ. ಉಗುರು ಬಣ್ಣ ತೆಗೆಯುವ ದ್ರಾವಣ ಇದಕ್ಕೆ ಬದಲಿಯಲ್ಲ, ಅದರಲ್ಲಿ ಎಣ್ಣೆ, ಸುಗಂಧ ಸೇರಿರುತ್ತವೆ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ ಇರದಿರಲಿ. ಬೇಗ ಬೆಂಕಿ ಹತ್ತುತ್ತದೆ.

ಲೋಹ ಬದಲಾದರೆ ಸ್ಥಿತಿ ನೋಡುವ ರೀತಿಯೂ ಬದಲಾಗುತ್ತದೆಯೇ?

ಖಂಡಿತ. 1950ರ ರೂಪಾಯಿ ಮತ್ತು 1969ರ ಗಾಂಧಿ ರೂಪಾಯಿ ನಿಕ್ಕಲ್. ಅಯಸ್ಕಾಂತಕ್ಕೆ ಅಂಟುತ್ತವೆ, ಇದು ಸುಲಭವಾದ ಪರೀಕ್ಷೆಯೂ ಹೌದು. ತಾಮ್ರ, ನಿಕ್ಕಲ್ ಬೆರೆತ ಕ್ಯುಪ್ರೊನಿಕ್ಕಲ್ ಅಂಟುವುದಿಲ್ಲ. ನಿಕ್ಕಲ್ ಗಟ್ಟಿ, ಗೀರು ಕಡಿಮೆ, ಆದರೆ ಮೇಲೆ ಹಾಲಿನ ಕೆನೆಯಂಥ ಮಬ್ಬು ಕೂರುತ್ತದೆ. 1969ರ ಪ್ರೂಫ್ ಸೆಟ್‌ನಲ್ಲಿರುವ ಅಲ್ಯುಮಿನಿಯಂ ಚಿಲ್ಲರೆ ಬಹಳ ಮೃದು. ಅದರ ಮೇಲೆ ಒಂದೂ ಗೀರಿಲ್ಲದ ಪ್ರೂಫ್ ಕಂಡರೆ ಸೆಟ್‌ಗೆ ಹೆಚ್ಚು ಕೊಡಲು ನಾನು ಸಿದ್ಧ. ಎಲ್ಲರೂ 10 ರೂಪಾಯಿ ಬೆಳ್ಳಿಯನ್ನೇ ನೋಡಿ ಬೆಲೆ ಕಟ್ಟುತ್ತಾರೆ, ಮುಟ್ಟದ ಸೆಟ್ ಎಂಬುದಕ್ಕೆ ನಿಜವಾದ ಸಾಕ್ಷಿ ಆ ಅಲ್ಯುಮಿನಿಯಂ ಪೈಸೆಯಲ್ಲಿದೆ.

ಬೆಳ್ಳಿಯಲ್ಲೂ ಭೇದವಿದೆ. 1972ರಲ್ಲಿ ಸ್ವಾತಂತ್ರ್ಯದ 25ನೇ ವರ್ಷಕ್ಕೆ ಬಂದ 10 ರೂಪಾಯಿಯಲ್ಲಿ ಬೆಳ್ಳಿ ಶೇ. 50ಕ್ಕೆ ಇಳಿಯಿತು. ನಂತರದ 100 ರೂಪಾಯಿ ಸ್ಮಾರಕ ನಾಣ್ಯಗಳಲ್ಲಿ ಹೆಚ್ಚಿನವು 50 ಭಾಗ ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು ಸೇರಿದ ಮಿಶ್ರಲೋಹ, 35 ಗ್ರಾಂ, 44 ಮಿಲಿಮೀಟರ್. 2006ರಲ್ಲಿ ಬಸವೇಶ್ವರರ ನೆನಪಿಗೆ 5 ರೂಪಾಯಿಯ ಜೊತೆ ಬಂದ 100 ರೂಪಾಯಿಯೂ ಇದೇ ಸಾಲಿನದು, ಕನ್ನಡಿಗರ ಮನೆಗಳಲ್ಲಿ ಹೆಚ್ಚಾಗಿ ಕಾಣಸಿಗುವ ಪ್ರೂಫ್ ಅದು. ತಾಮ್ರ ಇಷ್ಟಿರುವುದರಿಂದ ಇವು ಬ್ರಿಟಿಷ್ ಕಾಲದ ಶೇ. 91.7 ಬೆಳ್ಳಿಯ ರೂಪಾಯಿಯ ಹಾಗೆ ನೀಲಿ, ಹೊಂಬಣ್ಣಕ್ಕೆ ತಿರುಗುವುದು ಅಪರೂಪ. ಕಂದು ಕಲೆ, ಬೆರಳಚ್ಚು ಬೇಗ ಮೂಡುತ್ತವೆ. ಶೇ. 50 ಬೆಳ್ಳಿಯ ನಾಣ್ಯದ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ನಾನು ಎರಡು ಸಲ ನೋಡುತ್ತೇನೆ.

ಪಿಎಫ್ 65 ಕ್ಯಾಮಿಯೋ ಎಂದೆಲ್ಲ ಬರೆದಿರುವುದರ ಅರ್ಥವೇನು?

ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ಸೆಂಟ್‌ಗಳಿಗಾಗಿ 1949ರಲ್ಲಿ ಮಾಡಿದ 70 ಅಂಕಗಳ ಅಳತೆ ಇದು. ನಾಣ್ಯ ನೋಡಿ ಅಂಕ ಕೊಟ್ಟು ಡಬ್ಬಿಯಲ್ಲಿ ಮುಚ್ಚಿಕೊಡುವ ಸಂಸ್ಥೆಗಳಲ್ಲಿ ಪಿಸಿಜಿಎಸ್ ಪ್ರೂಫ್‌ಗೆ ‘ಪಿಆರ್’ ಎಂದೂ ಎನ್‌ಜಿಸಿ ‘ಪಿಎಫ್’ ಎಂದೂ ಬರೆಯುತ್ತವೆ. 60ರಿಂದ 70ರವರೆಗೆ ಬಳಕೆಯಾಗದ ಪ್ರೂಫ್, ಅದಕ್ಕಿಂತ ಕೆಳಗೆ ತಿರುಗಾಟದಲ್ಲಿ ಹಾಳಾದದ್ದು. ದಟ್ಟ ಮಂಜಿಗೆ ಒಂದು ಸಂಸ್ಥೆ ‘ಡೀಪ್ ಕ್ಯಾಮಿಯೋ’ ಎಂದರೆ ಇನ್ನೊಂದು ‘ಅಲ್ಟ್ರಾ ಕ್ಯಾಮಿಯೋ’ ಎನ್ನುತ್ತದೆ. ತಾಮ್ರದ ನಾಣ್ಯಕ್ಕೆ ಕೆಂಪು, ಕೆಂಪುಕಂದು, ಕಂದು ಎಂಬ ಬಣ್ಣವೂ ಸೇರುತ್ತದೆ. ಅಂಕ ಒಂದು ಅಭಿಪ್ರಾಯ. ಡಬ್ಬಿಯೊಳಗಿದ್ದರೂ ನಾಣ್ಯವನ್ನೇ ನೋಡಿ.

ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೋಟೋ ನೋಡಿ ಕೊಳ್ಳಬಹುದೇ?

ಒಂದೇ ಫೋಟೋ ನೋಡಿ ಬೇಡ. ನೇರ ಬೆಳಕಿನ ಫೋಟೋದಲ್ಲಿ ಕನ್ನಡಿ ಕಪ್ಪಾಗಿ ಬಂದು ಗೀರು ಮಾಯವಾಗುತ್ತದೆ. ಒಂದೇ ದೀಪದ ಕೆಳಗೆ ನಾಣ್ಯವನ್ನು ನಿಧಾನಕ್ಕೆ ಓರೆ ಮಾಡುತ್ತಾ ತೆಗೆದ ವಿಡಿಯೋ ಕೇಳಿ, ಎರಡೂ ಮುಖ, ಅಂಚು, ಇಸವಿಯ ಕೆಳಗಿನ ಗುರುತು ಹತ್ತಿರದಿಂದ. ತಕ್ಕಡಿಯ ಮೇಲಿಟ್ಟ ಫೋಟೋ ಕೇಳುವುದರಲ್ಲೂ ಸಂಕೋಚ ಬೇಡ. ಒಳ್ಳೆಯ ವ್ಯಾಪಾರಿಗಳು ಕಳಿಸುತ್ತಾರೆ.

ಇಡುವುದು ಹೇಗೆ? ನಮ್ಮದು ಕರಾವಳಿ.

ಮಳೆಗಾಲದ ತೇವವೇ ದೊಡ್ಡ ಶತ್ರು. ಗಟ್ಟಿ ಪ್ಲಾಸ್ಟಿಕ್ಕಿನ ಗಾಳಿಯಾಡದ ಕ್ಯಾಪ್ಸೂಲ್‌ನಲ್ಲಿ ಹಾಕಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಣ್ಣ ಬದಲಾಯಿಸುವ ಜೆಲ್ ಆದರೆ ಯಾವಾಗ ಒಣಗಿಸಬೇಕು ಎಂದು ತಿಳಿಯುತ್ತದೆ. ಮರದ ಪೆಟ್ಟಿಗೆ, ರಬ್ಬರ್ ಬ್ಯಾಂಡ್, ಸುದ್ದಿಪತ್ರಿಕೆಯ ಕಾಗದ ಹತ್ತಿರ ಬರಬಾರದು. ಟಂಕಸಾಲೆಯ ಮೂಲ ಪೆಟ್ಟಿಗೆಯ ವೆಲ್ವೆಟ್ ಮತ್ತು ಅಂಟಿನಿಂದಲೂ ಕಲೆಯಾಗಬಹುದು. ಪೆಟ್ಟಿಗೆಯನ್ನು ಎಸೆಯಬೇಡಿ, ನಾಣ್ಯದಿಂದ ಬೇರೆಯಾಗಿ ಇಡಿ.

ನೂರು ವರ್ಷ ದಾಟಿದ ಪ್ರೂಫ್ ರೂಪಾಯಿಯನ್ನು ಅಮೆರಿಕದಲ್ಲಿರುವ ಮಗನಿಗೆ ಕಳಿಸಿ ಗ್ರೇಡ್ ಮಾಡಿಸಬಹುದೇ?

ಕಳಿಸಬೇಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಂಚೆಯಲ್ಲೂ ಇಲ್ಲ, ಸೂಟ್‌ಕೇಸಿನಲ್ಲೂ ಇಲ್ಲ. 1911ರ ರೂಪಾಯಿ ಈಗ ಆ ಗಡಿ ದಾಟಿದೆ. ಮಗ ರಜೆಗೆ ಬಂದಾಗ ದೀಪದ ಕೆಳಗೆ ಇಬ್ಬರೂ ಕೂತು ನೋಡಿ, ಆನೆಯ ಸೊಂಡಿಲಿನಿಂದ ಶುರುಮಾಡಿ.